ನಾಲ್ಕು ದನಿಗೊಂದು ಪೇಟಿ

ದಕ್ಷಿಣ ಕೆರೊಲಿನಾದ ಆ ಸಣ್ಣ ಊರಿಗೆ ನಾವು ಹೋದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನನ್ನ ಗಂಡ ಜವಳಿ ಎಂಜಿನಿಯರ್. ಅಲ್ಲಿನ ಬಟ್ಟೆ ಗಿರಣಿಗೆ ಹೊಸ ಮಗ್ಗಗಳು ಬಂದಿದ್ದವು, ಅವನ್ನು ನೋಡಿಕೊಳ್ಳಲು ಇವರನ್ನು ಕರೆಸಿಕೊಂಡಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಇವರು ಹೊರಟರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಧಾರವಾಡದಿಂದ ಹಟ ಹಿಡಿದು ಹೊತ್ತು ತಂದಿದ್ದ ನನ್ನ ಪೇಟಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಒಂಬತ್ತನೇ ವಯಸ್ಸಿನಿಂದ ನುಡಿಸುತ್ತಿದ್ದೆ. ಮದುವೆಗೆ ಮುಂಚೆ ನಮ್ಮ ಓಣಿಯ ಹೆಂಗಸರ ಭಜನಾ ಮಂಡಳಿಗೆ ನಾನೇ ಪೇಟಿಯವಳಾಗಿದ್ದೆ.

ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಆತ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಆಕೆ ಅದೇ ಶಾಲೆಯ ಅಡುಗೆಮನೆಯಲ್ಲಿ ದುಡಿದವರು, ಗಂಡನ ಮೊಣಕೈ ಮುಟ್ಟುವಷ್ಟು ಎತ್ತರ. ಹೆಸರು ಹಿಡಿದೇ ಕರೆ ಎಂದು ಆಕೆ ಎಷ್ಟು ಹೇಳಿದರೂ ನನ್ನ ಬಾಯಿಗೆ ಬರಲಿಲ್ಲ. ಅಂಕಲ್, ಆಂಟಿ ಎಂದೇ ಕರೆದೆ. ಅವರಿಗೆ ಅದು ಇಷ್ಟವಾಯಿತು.

ಅವರ ಇಂಗ್ಲಿಷ್ ಮೊದಮೊದಲು ನನಗೆ ಅರ್ಥವೇ ಆಗುತ್ತಿರಲಿಲ್ಲ. ಒಂದೊಂದು ಮಾತನ್ನೂ ಎಳೆದು, ಕೊನೆಯಲ್ಲಿ ಸ್ವಲ್ಪ ತೂಗಿ ಬಿಡುತ್ತಿದ್ದರು. ತಿಂಗಳೆರಡು ತಿಂಗಳಾದ ಮೇಲೆ ನನಗೆ ಹೊಳೆಯಿತು, ಈ ಎಳೆತ ನನಗೆ ಹೊಸದೇನಲ್ಲ, ಧಾರವಾಡದ ಸಂತೆಯಲ್ಲಿ ಕೇಳಿದ್ದೇ ಎಂದು. ಅಂದಿನಿಂದ ಅವರ ಮಾತು ನನ್ನ ಕಿವಿಯೊಳಗೆ ನಮ್ಮ ಕಡೆಯ ಕನ್ನಡವಾಗಿಯೇ ಇಳಿಯತೊಡಗಿತು. ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ.

ಒಂದು ಗುರುವಾರ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಬೇಲಿಯಾಚೆಯಿಂದ ಒಂದು ದನಿ ಬಂತು. ಮೊದಲು ಯಾವುದೋ ಲಾರಿ ನಿಂತಲ್ಲೇ ಗುರುಗುಡುತ್ತಿದೆ ಎಂದುಕೊಂಡೆ. ಆಮೇಲೆ ನೋಡಿದರೆ ಅದು ಅಂಕಲ್ ಹಾಡುತ್ತಿದ್ದದ್ದು. ಅವರ ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಕಾರಿನ ಬದಲು ಒಂದು ಹಳೆಯ ಪಿಯಾನೋ, ಅದರ ಮುಂದೆ ಆಂಟಿ, ಅವರ ಹಿಂದೆ ಅಂಕಲ್ ಸೇರಿ ನಾಲ್ಕು ಗಂಡಸರು. ಅಲ್ಲಿಯ ಕಡೆ ಅದನ್ನು ಸದರ್ನ್ ಗಾಸ್ಪೆಲ್ ಕ್ವಾರ್ಟೆಟ್ ಎನ್ನುತ್ತಾರೆ. ನಾಲ್ಕು ಗಂಡಸರು ಸೇರಿ ದೇವರ ಹಾಡು ಹಾಡುವುದು, ಆದರೆ ನಾಲ್ವರೂ ಬೇರೆ ಬೇರೆ ಸ್ವರದಲ್ಲಿ. ಹಾಡಿನ ಧಾಟಿ ಲೀಡ್‌ನವನದು. ಅವನ ಮೇಲೆ ಟೆನರ್, ತೆಳ್ಳನೆಯ ಎತ್ತರದ ದನಿ. ಕೆಳಗೆ ಬ್ಯಾರಿಟೋನ್. ಎಲ್ಲರಿಗಿಂತ ಕೆಳಗೆ, ಪಾತಾಳದಲ್ಲಿ, ಅಂಕಲ್‌ನ ಬೇಸ್.

“ನಮ್ಮ ಕಡೆ ಬೇಷ್ ಅಂದ್ರ ಛಲೋ ಅಂತ. ಇಲ್ಲಿನೂ ಅಷ್ಟ ಇರಬೇಕ ತಗೋ,” ಎಂದು ಸಂಜೆ ಇದನ್ನು ಕೇಳಿ ನನ್ನ ಗಂಡ ಚೇಷ್ಟೆ ಮಾಡಿದರು.

ಲೀಡ್ ಹಾಡುತ್ತಿದ್ದವರು ಊರಿನ ಕ್ಷೌರದಂಗಡಿಯ ಮಾಲೀಕರು. ಟೆನರ್ ಎಸಿ ರಿಪೇರಿ ಮಾಡುವವರು. ಮೈ ಭಾರಿ, ದನಿ ಮಾತ್ರ ಹೆಣ್ಣುಮಗುವಿನಷ್ಟು ನಯ. ಬ್ಯಾರಿಟೋನ್‌ನವರನ್ನು ನಾನು ಆಗಲೇ ಬಲ್ಲೆ, ನಮ್ಮ ಬೀದಿಗೆ ಟಪಾಲು ತರುತ್ತಿದ್ದವರು ಅವರೇ. ಅವ್ವನ ಪತ್ರ ಬಂದ ದಿನ ಡಬ್ಬಿಗೆ ಹಾಕದೆ ಬಾಗಿಲು ತಟ್ಟಿ ಕೈಗೆ ಕೊಡುತ್ತಿದ್ದರು. ಸಾರ್ವಜನಿಕವಾಗಿ ನಗುವುದು ಇಲಾಖೆಯ ನಿಯಮಕ್ಕೆ ವಿರುದ್ಧವೋ ಎಂಬಂಥ ಗಂಭೀರ ಮುಖ.

ಗುರುವಾರ ಬಂದರೆ ಅಡುಗೆಮನೆಯ ಕಿಟಕಿ ತೆರೆದಿಟ್ಟು ಕೇಳುವುದು ನನಗೆ ರೂಢಿಯಾಯಿತು. ಅವರು ಹೋದ ಮೇಲೆ ಪೇಟಿ ತೆಗೆದು ಆ ಧಾಟಿಗಳನ್ನು ಹುಡುಕುತ್ತಿದ್ದೆ. ಒಂದು ಸಲ ಹುಡುಕುವ ಭರದಲ್ಲಿ ಕಿಟಕಿ ಮುಚ್ಚುವುದನ್ನೇ ಮರೆತೆ. ಮರುದಿನ ಅಂಕಲ್ ಬಾಗಿಲಲ್ಲಿ ನಿಂತಿದ್ದರು.

“ನಿನ್ನೆ ನಮ್ಮ ಹಾಡು ನಿಮ್ಮನ್ಯಾಗ ಯಾರು ಬಾರಿಸಾಕತ್ತಿದ್ರು?”

ಕಳ್ಳಿ ಸಿಕ್ಕಿಬಿದ್ದ ಹಾಗಾಯಿತು. ಒಳಗೆ ಕರೆದು ಪೇಟಿ ತೋರಿಸಿದೆ. ಆ ದೊಡ್ಡ ಮನುಷ್ಯ ಚಾಪೆಯ ಪಕ್ಕ ಮಂಡಿಯೂರಿ ಕೂತು, ನಾನು ತಿದಿ ಒತ್ತುವುದನ್ನು, ಅದು ಗಾಳಿ ತುಂಬಿಕೊಂಡು ಬಿಡುವುದನ್ನು ಬೆರಗಾಗಿ ನೋಡಿದರು.

“ಯವ್ವಾ, ಇದು ಉಸಿರಾಡತೈತಿ!” ಎಂದರು.

ಅದಾಗಿ ಸ್ವಲ್ಪ ದಿನಕ್ಕೆ ಆಂಟಿ ತಮ್ಮ ಹಿತ್ತಲಿನ ಅಂಜೂರದ ಹಣ್ಣು ಕೀಳಲು ಸ್ಟೂಲ್ ಹತ್ತಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್. ನಾನು ಅನ್ನ ಸಾರು ಮಾಡಿಕೊಂಡು ನೋಡಲು ಹೋದಾಗ ನಾಲ್ಕೂ ಗಂಡಸರು ಸೋಫಾದಲ್ಲಿ ಸಾಲಾಗಿ ಸಪ್ಪಗೆ ಕೂತಿದ್ದರು. ಅಟ್ಲಾಂಟಾದ ಉತ್ತರಕ್ಕೆ ಒಂದು ಚರ್ಚಿನಲ್ಲಿ ಇಡೀ ದಿನದ ಹಾಡಿನ ಕೂಟವಿತ್ತು, ಅದಕ್ಕೆ ಇನ್ನು ಮೂರೇ ವಾರ. ರಾಜ್ಯದಾಚೆಯಿಂದ ಅವರಿಗೆ ಬಂದಿದ್ದ ಮೊದಲ ಕರೆ ಅದು.

“ಹಿಂಗ ಮಾರಿ ಜೋತು ಹಾಕ್ಕೊಂಡು ಕುಂದರಬ್ಯಾಡ್ರಿ,” ಎಂದು ಆಂಟಿ ಗದರಿದರು. “ಬೇಲಿ ಆಚಿ ಒಬ್ಬಾಕಿ ಅದಾಳಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದೆ.

ಮೊದಲು ಪಿಯಾನೋ ಮುಂದೆ ಕೂರಿಸಿದರು. ಬಲಗೈ ಹೇಗೋ ದಾರಿ ಕಂಡುಕೊಂಡಿತು. ಎಡಗೈಯದೇ ಫಜೀತಿ. ಇಪ್ಪತ್ತು ವರ್ಷದಿಂದ ತಿದಿ ಒತ್ತುವುದೊಂದೇ ಅದಕ್ಕೆ ಗೊತ್ತಿದ್ದ ಕೆಲಸ. ಹಾಡು ಶುರುವಾದ ತಕ್ಷಣ ಅದು ಪಿಯಾನೋದ ಹಿಂದೆ ಹೋಗಿ ಗಾಳಿಯಲ್ಲಿ ತಡಕಾಡತೊಡಗಿತು. ಟೆನರ್‌ನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಅಂಕಲ್, “ಆ ಉಸಿರಾಡೋ ಪೆಟ್ಟಿಗಿ ತಗೊಂಬಾ ತಂಗಿ,” ಎಂದರು.

ಪೇಟಿಯ ಮುಂದೆ ಕೂತ ಮೇಲೆ ಎಲ್ಲ ಸಲೀಸಾಯಿತು. ಪಿಯಾನೋದಲ್ಲಿ ಎಡಗೈ ತುಂಬುತ್ತಿದ್ದ ಕೆಳಗಿನ ಸ್ವರಗಳನ್ನು ಅಂಕಲ್‌ನ ಗಂಟಲೇ ತುಂಬುತ್ತಿತ್ತು. ಹಾಡಿನ ಕೊನೆಯ ಚರಣ ಬಂದಾಗ ಇಡೀ ಹಾಡನ್ನು ಅರ್ಧ ಸ್ವರ ಮೇಲೆ ಎತ್ತುವುದು ಅವರ ಪದ್ಧತಿ. ಅದನ್ನು ಹೇಳುವಾಗ ಲೀಡ್‌ನವರು ಬಹಳ ಅಂಜಿಕೆಯಿಂದ ಹೇಳಿದರು, ಎಲ್ಲಿ ನನಗೆ ಕಷ್ಟವಾಗುವುದೋ ಎಂದು. ಭಜನಾ ಮಂಡಳಿಯಲ್ಲಿ ಒಬ್ಬೊಬ್ಬ ಅಜ್ಜಿಯದು ಒಂದೊಂದು ಸುರ. ಹಾಡಿನ ನಡುವೆಯೇ ಮೇಲೆ ಕೆಳಗೆ ಓಡಾಡಿ ನನಗೆ ಅಭ್ಯಾಸವಿತ್ತು. ಮೊದಲ ಸಲಕ್ಕೇ ಎತ್ತಿಕೊಟ್ಟೆ. ಕ್ಷೌರಿಕರು ಟೋಪಿ ತೆಗೆದು ನನಗೆ ನಮಸ್ಕರಿಸಿದರು.

ನಗದಿದ್ದವರು ಟಪಾಲಿನವರೊಬ್ಬರೇ. ಎರಡನೇ ಅಭ್ಯಾಸದ ಮರುದಿನ ಅವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಪತ್ರವಿರಲಿಲ್ಲ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತು ಹೇಳಿದರು.

“ಹಿಂದ ಆಡೋದಕ್ಕಿಂತ ಎದುರಿಗೆ ಹೇಳೋದು ಛಲೋ. ಈ ಹಾಡು ನಮಗ ಬರೀ ಹಾಡಲ್ಲ. ಪ್ರಾರ್ಥನಾ. ನೀವು ನಮ್ಮ ಪೈಕಿ ಅಲ್ಲ. ನೀವು ಬಾರಿಸೋದು ಸರಿಯೋ ತಪ್ಪೋ ನನಗ ತಿಳೀವಲ್ದು.”

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಹೀಗೆ ಹೇಳಲು ಅವರಿಗೂ ಸಂಕಟವಾಗುತ್ತಿದೆ ಎಂಬುದು ಕಾಣುತ್ತಿತ್ತು.

“ನನಗೂ ತಿಳೀವಲ್ದು,” ಎಂದೆ.

ಅವರು ಕೇಳಿದರು, “ಬಾರಿಸುವಾಗ ನೀವು ಏನು ನೆನಸ್ತೀರಿ?”

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ದೊಡ್ಡ ಉತ್ತರ ಕೊಡಲು ನನ್ನ ಇಂಗ್ಲಿಷ್ ಸಾಲುತ್ತಿರಲಿಲ್ಲ. “ನೀವು ಎಲ್ಲಿ ಉಸಿರು ತಗೋತೀರಿ ಅಂತ ಕೇಳತಿರತೀನಿ,” ಎಂದೆ. “ನೀವು ಮೂರನೇ ಸಾಲಿನ ನಡುವ ಒಂದು ಸಣ್ಣ ಉಸಿರು ತಗೋತೀರಿ. ಉಳಿದವರು ತಗೊಳ್ಳೂದಿಲ್ಲ. ಅಲ್ಲಿ ನಾ ಸ್ವಲ್ಪ ತುಂಬಿ ಬಾರಸ್ತೀನಿ, ಜಾಗಾ ಖಾಲಿ ಕಾಣಬಾರದಂತ.”

ಅವರು ಟೋಪಿಯ ಅಂಚು ತಿರುಗಿಸುತ್ತ ನಿಂತರು. “ಅದು ಯಾರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ,” ಎಂದರು. ಆಮೇಲೆ ತಲೆಯಾಡಿಸಿ ಹೊರಟರು. ಮುಂದಿನ ಗುರುವಾರ ಸಮಯಕ್ಕೆ ಸರಿಯಾಗಿ ಬಂದು ತಮ್ಮ ಜಾಗದಲ್ಲಿ ನಿಂತರು. ಆ ವಿಷಯ ಮತ್ತೆ ಎತ್ತಲಿಲ್ಲ.

ಕೂಟದ ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ಚರ್ಚಿನ ವ್ಯಾನಿನಲ್ಲಿ ಆಂಟಿ ಮತ್ತು ನಾಲ್ವರು, ಹಿಂದೆ ನಮ್ಮ ಕಾರು, ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಕೂತ ಪೇಟಿ. ಅಟ್ಲಾಂಟಾ ದಾಟಿ, ಜಿಎ ನಾಲ್ಕುನೂರು ಹೆದ್ದಾರಿಯಲ್ಲಿ ಅಲ್ಫರೆಟಾದ ಆಚೆಗೆ ಹೋಗಬೇಕಿತ್ತು. ಈಗ ಕಂಪನಿಗಳೇ ತುಂಬಿರುವ ಆ ಕಡೆ ಆಗ ಇನ್ನೂ ಬಿಳಿ ಬೇಲಿಯೊಳಗೆ ಕುದುರೆಗಳು ಮೇಯುತ್ತಿದ್ದವು. ಗಂಡಸರು ನಾಲ್ವರದೂ ಒಂದೇ ಬಗೆಯ ಆಕಾಶನೀಲಿ ಕೋಟು. ನನಗೆ ಸೀರೆಯನ್ನೇ ಉಡಬೇಕೆಂದು ಆಂಟಿಯ ಅಪ್ಪಣೆಯಾಗಿತ್ತು. ನೀಲಿ ಒಡಲಿನ ಇಳಕಲ್ ಸೀರೆ ಉಟ್ಟಿದ್ದೆ.

“ಈಗ ನೋಡು, ಕೋಟಿಗೆ ಒಂದು ಕೆಂಪು ಸೆರಗು ಬಂತು,” ಎಂದು ಟೆನರ್‌ನವರು ಖುಷಿಪಟ್ಟರು.

ಚರ್ಚಿನ ಹುಲ್ಲಿನ ಮೇಲೆ ಮರದ ನೆರಳಿಗೆ ಉದ್ದಕ್ಕೆ ಮೇಜು ಹಾಕಿ ಊಟ ಇಟ್ಟಿದ್ದರು. ಅಲ್ಲಿಯ ಹುರುಳಿಕಾಯಿ ಪಲ್ಯಕ್ಕೂ ಹಂದಿಮಾಂಸದ ಚೂರು ಬಿದ್ದಿರುತ್ತದೆ. ಆಂಟಿ ಮುರಿದ ಕೈಯಲ್ಲೇ ನಮಗಾಗಿ ಬೇರೆ ಪಲ್ಯ ಮಾಡಿ ತಂದಿದ್ದರು. ಅದನ್ನು ಬೇರೆ ಯಾರೂ ಮುಟ್ಟದ ಹಾಗೆ ಪಾತ್ರೆಯ ಪಕ್ಕದಲ್ಲೇ ಕಾವಲು ನಿಂತರು.

ಊಟವಾದ ಮೇಲೆ ಮೂರನೆಯ ಸರದಿ ನಮ್ಮದು. ಮೊದಲ ತಂಡ ಹಾಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಪೇಟಿ ತೆಗೆದು ಮೆಲ್ಲಗೆ ತಿದಿ ಒತ್ತಿದೆ. ಬೆರಳಿಡುವ ಮುಂಚೆಯೇ ಒಂದು ಸ್ವರ ಕೂಗಿತು. ಬಿಳಿ ಆರರ ಮನೆ, ಅಂದರೆ ಬಿಳಿ ಕೀಲಿಗಳಲ್ಲಿ ಆರನೆಯದು. ಆ ಸೆಕೆಗೆ ಮರ ಉಬ್ಬಿತೋ, ಒಳಗೆ ಕಸ ಸಿಕ್ಕಿತೋ, ಕೀಲಿ ಮೇಲೆತ್ತಿದರೂ ನಿಲ್ಲದು, ತಟ್ಟಿದರೂ ನಿಲ್ಲದು. ತಿದಿ ಒತ್ತಿದಷ್ಟು ಹೊತ್ತೂ ಒಂದೇ ಸಮನೆ ಗುಂಯ್ಯೆನ್ನುತ್ತಿತ್ತು. ಮೇಲಿನ ಹಲಗೆ ಬಿಚ್ಚಿ ನೋಡಬೇಕು. ನನ್ನ ಗಂಡ ಸ್ಕ್ರೂಡ್ರೈವರ್ ತರಲು ಕಾರಿನ ಕಡೆ ಓಡಿದರು. ಕಾರು ನಿಲ್ಲಿಸಿದ್ದು ದೂರದ ಬಯಲಿನಲ್ಲಿ.

ಎರಡನೇ ತಂಡವೂ ಮುಗಿಸಿತು. ಇವರ ಸುಳಿವಿಲ್ಲ. ಚರ್ಚಿನೊಳಗೆ ನಮ್ಮ ತಂಡವನ್ನು ಕರೆದರು.

ನನ್ನ ತಲೆ ಹೇಗೋ ಓಡುತ್ತಿತ್ತು. ಹಾಡು ಇದ್ದದ್ದು ಬಿಳಿ ನಾಲ್ಕರ ಸುರದಲ್ಲಿ. ಅದಕ್ಕೆ ಈ ಕೂಗುವ ಸ್ವರ ಕೊನೆಯವರೆಗೆ ಒಗ್ಗುವುದಿಲ್ಲ. ಆದರೆ ಬಿಳಿ ಎರಡನ್ನು ಷಡ್ಜ ಮಾಡಿಕೊಂಡರೆ ಬಿಳಿ ಆರು ಪಂಚಮವಾಗುತ್ತದೆ. ಪಂಚಮ ಒಂದೇ ಸಮನೆ ಕೂಗಿದರೆ ಅದು ದೋಷವಲ್ಲ, ಶ್ರುತಿ. ತಂಬೂರಿ ಇಟ್ಟುಕೊಂಡ ಹಾಗೆ.

“ಅಂಕಲ್, ಹಾಡು ಕೆಳಗಿಳಸೋಣು,” ಎಂದೆ. “ಒಂದೂವರಿ ಸ್ವರ ಕೆಳಗ.”

“ಅಷ್ಟು ಕೆಳಗ ಹೋದ್ರ ನನ್ನ ದನಿ ಯಾರಿಗೆ ಕೇಳತೈತಿ?” ಟೆನರ್‌ನವರು ಗಾಬರಿಯಾದರು.

“ನಾ ಅಂತೂ ಸಮುದ್ರದ ತಳ ಮುಟ್ಟತೀನಿ,” ಎಂದು ಅಂಕಲ್ ಗಂಟಲು ಸವರಿಕೊಂಡರು.

“ಇನ್ನೊಂದು ಮಾತು,” ಎಂದೆ. “ಕೊನೀ ಚರಣ ಮ್ಯಾಲೆ ಎತ್ತುವಾಗ ಈ ಸ್ವರ ಅಡ್ಡ ಬರತೈತಿ. ಅಲ್ಲಿ ನಾ ಪೇಟಿ ನಿಲ್ಲಸ್ತೀನಿ. ಬರೀ ನಿಮ್ಮ ದನಿ.”

ವಾದ್ಯವಿಲ್ಲದೆ ಅವರು ಎಂದೂ ಹಾಡಿರಲಿಲ್ಲ. ಎತ್ತುವ ಜಾಗದಲ್ಲಿ ಪಿಯಾನೋವೇ ಅವರ ಕೈಹಿಡಿದು ದಾಟಿಸುತ್ತಿತ್ತು. ಲೀಡ್‌ನವರ ಮುಖ ಬಿಳುಚಿಕೊಂಡಿತು. ಆಗ ಟಪಾಲಿನವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ಆಕಿ ಹೇಳಿದಂಗ ಮಾಡ್ರಿ,” ಎಂದರು. “ನಮಗಿಂತ ಆಕಿಗೆ ಛಲೋ ಕೇಳಸತೈತಿ.”

ವೇದಿಕೆಯ ಮೇಲೆ ನಾನು ದಿಂಬು ಹಾಕಿಕೊಂಡು ನೆಲದ ಮೇಲೆಯೇ ಕೂತೆ. ಮುಂದಿನ ಸಾಲಿನವರು ಕತ್ತು ಉದ್ದ ಮಾಡಿ ನೋಡಿದರು. ಆಂಟಿ ಪ್ಲಾಸ್ಟರ್ ಕೈಯನ್ನು ಕೊರಳಿನ ಜೋಳಿಗೆಯಲ್ಲಿಟ್ಟುಕೊಂಡು ಮೊದಲ ಸಾಲಿನಲ್ಲೇ ಕೂತಿದ್ದರು. ಅವರಿಗೆ ಯಾವುದೂ ಗೊತ್ತಿರಲಿಲ್ಲ. ನಾನು ತಿದಿ ಒತ್ತಿದೆ. ಪಂಚಮ ಎದ್ದಿತು. ಬೇಕೆಂದೇ ಹಾಗೆ ಶುರು ಮಾಡಿದವಳಂತೆ ಅದನ್ನು ಸ್ವಲ್ಪ ಹೊತ್ತು ತುಂಬಲು ಬಿಟ್ಟು, ಆಮೇಲೆ ಧಾಟಿ ಹಿಡಿದೆ. ಆಂಟಿ ಹುಬ್ಬೇರಿಸಿದ್ದು ಕಾಣಿಸಿತು.

ಮೊದಲ ಎರಡು ಸಾಲು ಅಳುಕಿನಲ್ಲೇ ಹೋದವು. ಟೆನರ್‌ನವರು ಹೊಸ ಜಾಗದಲ್ಲಿ ಕಾಲೂರಲು ಒದ್ದಾಡುತ್ತಿದ್ದರು. ಪಲ್ಲವಿ ತಿರುಗಿ ಬರುವ ಹೊತ್ತಿಗೆ ಹಾಡು ತನ್ನ ಹೊಸ ಮನೆಗೆ ಒಗ್ಗಿಕೊಂಡಿತು. ಇಳಿಸಿದ್ದರಿಂದ ಅದರ ಅವಸರವೂ ಇಳಿದಿತ್ತು. ಅಂಕಲ್ ಒಬ್ಬರೇ ಕೆಳಗಿಳಿಯುವ ಸಾಲು ಬಂದಾಗ ಅವರು ಕಣ್ಣು ಮುಚ್ಚಿ ಒಂದೊಂದೇ ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲು ನಾವು ಅಭ್ಯಾಸದಲ್ಲಿ ಎಂದೂ ಕೇಳದಿದ್ದ ಸ್ವರ. ನಾನು ಕೂತಿದ್ದ ಹಲಗೆ ಅದುರಿತು. ಹಿಂದಿನ ಸಾಲಿನಿಂದ ಯಾರೋ ಹೋ ಎಂದು ಕೂಗಿದರು.

ಕೊನೆಯ ಚರಣಕ್ಕೆ ಬಂದೆವು. ನಾನು ತಿದಿಯಿಂದ ಕೈ ತೆಗೆದೆ. ಪೇಟಿ ಉಸಿರು ಬಿಟ್ಟು ಸುಮ್ಮನಾಯಿತು. ಆ ಒಂದು ಕ್ಷಣ ಚರ್ಚಿನಲ್ಲಿ ಬೀಸಣಿಕೆಗಳ ಸದ್ದು ಮಾತ್ರ. ಎತ್ತಬೇಕಾದವರು ಲೀಡ್‌ನವರು. ಅವರಿಂದ ದನಿಯೇ ಹೊರಡಲಿಲ್ಲ. ಅಷ್ಟರಲ್ಲಿ ಟಪಾಲಿನವರ ದನಿ, ಯಾವತ್ತೂ ನಡುವಿನಲ್ಲೇ ಮರೆಯಾಗಿರುತ್ತಿದ್ದ ಆ ಬ್ಯಾರಿಟೋನ್, ಅರ್ಧ ಸ್ವರ ಮೇಲೆ ನೆಟ್ಟಗೆ ಹೆಜ್ಜೆ ಇಟ್ಟಿತು. ಉಳಿದ ಮೂವರೂ ಅದನ್ನು ಹಿಡಿದುಕೊಂಡರು.

ವಾದ್ಯವಿಲ್ಲದ ಆ ನಾಲ್ಕು ದನಿಗಳನ್ನು ನಾನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಕೈಗೆ ಕೆಲಸವಿರಲಿಲ್ಲ. ತೊಡೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತ ಕೂತೆ. ಕಣ್ಣಲ್ಲಿ ನೀರು ಬಂತು. ಅದು ನನ್ನ ದೇವರ ಹಾಡಲ್ಲ, ಅರ್ಧ ಪದಗಳು ನನಗೆ ಗೊತ್ತೂ ಇರಲಿಲ್ಲ. ಆದರೂ ಬಂತು.

ಮುಗಿದಾಗ ಜನ ಎದ್ದು ನಿಂತರು. ಕರವಸ್ತ್ರ ಬೀಸಿದರು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗಿದರು. ಪಲ್ಲವಿಯನ್ನು ಮತ್ತೆ ಎರಡು ಸಲ ಹಾಡಬೇಕಾಯಿತು. ಎರಡನೇ ಸಲ ಆಂಟಿ ಎದ್ದು ನಿಂತು, ಚೆನ್ನಾಗಿದ್ದ ಎಡಗೈಯಿಂದ ತಾಳ ಹಾಕುತ್ತಿದ್ದರು. ಆಗ ಪಕ್ಕದ ಬಾಗಿಲಿನಿಂದ ನನ್ನ ಗಂಡ ಬೆವರು ಸುರಿಸುತ್ತ, ಸ್ಕ್ರೂಡ್ರೈವರ್ ಎತ್ತಿ ಹಿಡಿದು ಒಳನುಗ್ಗಿದರು. ಎಲ್ಲರೂ ನಿಂತು ಚಪ್ಪಾಳೆ ತಟ್ಟುತ್ತಿದ್ದದ್ದನ್ನು ನೋಡಿ, ಅದನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿ ತಾವೂ ಚಪ್ಪಾಳೆ ತಟ್ಟಿದರು.

ಹೊರಗೆ ಒಬ್ಬ ಅಜ್ಜಿ ಬಂದು ಪೇಟಿ ಮುಟ್ಟಿ ನೋಡಿದರು. ನನ್ನನ್ನು ನೋಡಿ ಟಪಾಲಿನವರನ್ನು ಕೇಳಿದರು, “ಈ ಹುಡುಗಿ ಎಲ್ಲಿಯಾಕಿ?”

ಅವರು ಯಾವ ದೇಶದ ಹೆಸರನ್ನೂ ಹೇಳಲಿಲ್ಲ. “ನಾ ಟಪಾಲು ಕೊಡೋ ಓಣಿಯಾಕಿ,” ಎಂದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ವಾಪಸು ಬರುವಾಗ ರಸ್ತೆ ಬದಿಯಲ್ಲಿ ಒಬ್ಬಾತ ದೊಡ್ಡ ಹಂಡೆಯಲ್ಲಿ ಸಿಪ್ಪೆಸಮೇತ ಶೇಂಗಾ ಕುದಿಸಿ ಮಾರುತ್ತಿದ್ದ. ಉಪ್ಪು ನೀರಿನಲ್ಲಿ ಕುದಿಸಿದ ಹಸಿ ಶೇಂಗಾ! ನಾವಿಬ್ಬರೂ ಕಾರಿನಿಂದ ಹಾರಿ ಇಳಿದೆವು. ನಮಗೆ ಅದನ್ನು ಸುಲಿಯುವುದು ಹೇಗೆಂದು ಕಲಿಸಲು ಬಂದ ಟೆನರ್‌ನವರು, ನಾವು ಸುಲಿಯುವ ವೇಗ ನೋಡಿ ಪಾಠ ನಿಲ್ಲಿಸಿದರು.

ಆಂಟಿಯ ಪ್ಲಾಸ್ಟರ್ ತೆಗೆಯುವವರೆಗೆ ಇನ್ನೂ ಮೂರು ಕಡೆ ಅವರ ಜೊತೆ ಹೋದೆ. ಕೈ ಸರಿಯಾದ ಮೇಲೆ ಆಂಟಿ ಪಿಯಾನೋಗೆ ಮರಳಿದರು. ಆಮೇಲೆ ಎರಡು ವರ್ಷಕ್ಕೆ ಗಿರಣಿ ಮುಚ್ಚುವ ಸುದ್ದಿ ಬಂತು. ನನ್ನ ಗಂಡನಿಗೆ ಮೇರಿಲ್ಯಾಂಡಿನಲ್ಲಿ ಕೆಲಸ ಸಿಕ್ಕಿತು, ನಾವು ಎಲಿಕಾಟ್ ಸಿಟಿಗೆ ಬಂದೆವು.

ಅಲ್ಲಿ ಕನ್ನಡದವರ ಮನೆಗಳು ಬೇಕಾದಷ್ಟು. ಶನಿವಾರ ಸಂಜೆ ಯಾರದಾದರೂ ಮನೆಯ ಬೇಸ್ಮೆಂಟಿನಲ್ಲಿ ಭಜನೆ. ನನಗೆ ಒಂದು ಹುಚ್ಚು ಆಸೆ ಹುಟ್ಟಿತು, ನಾಲ್ಕು ಜನ ಗಂಡಸರನ್ನು ನಿಲ್ಲಿಸಿ ಒಂದು ದೇವರನಾಮವನ್ನು ನಾಲ್ಕು ದನಿಯಲ್ಲಿ ಹಾಡಿಸಬೇಕೆಂದು. ಹಾಡಲು ಎಲ್ಲರೂ ತಯಾರಿದ್ದರು. ಧಾಟಿ ಬಿಟ್ಟುಕೊಡಲು ಒಬ್ಬರೂ ತಯಾರಿರಲಿಲ್ಲ.

“ಏನ್ ಮೇಡಂ, ಟ್ಯೂನ್ ಬಿಟ್ಟು ಬೇರೆ ಏನೋ ಹಾಡಿ ಅಂತೀರ,” ಎಂದು ಬೆಂಗಳೂರಿನವರೊಬ್ಬರು ತಕರಾರು ತೆಗೆದರು. “ಪಕ್ಕದವರದ್ದು ಕೇಳಿ ಕೇಳಿ ಫುಲ್ ಕನ್‌ಫ್ಯೂಸ್ ಆಗತ್ತೆ.”

“ನಮ್ಮನೇಲಿ ಪ್ರಾಕ್ಟೀಸ್ ಮಾಡಿದ್ರೆ ಮಕ್ಳು ನಗ್ತಾರೆ,” ಎಂದರು ಇನ್ನೊಬ್ಬರು.

ಮೂರು ಶನಿವಾರ ಜಗ್ಗಾಡಿದೆ. ನಾಲ್ವರೂ ಎರಡನೇ ಸಾಲಿಗೆ ಬರುವಷ್ಟರಲ್ಲಿ ಒಂದೇ ಧಾಟಿಯೊಳಗೆ ಬಿದ್ದುಬಿಡುತ್ತಿದ್ದರು. ನಾಲ್ಕನೇ ಶನಿವಾರ, ರಾಕ್‌ವಿಲ್‌ನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಒಬ್ಬರು, ಮೈಸೂರಿನವರು, ಯಾವತ್ತೂ ಹಿಂದೆ ಕೂತು ತಾಳ ಹಾಕುತ್ತಿದ್ದವರು, “ಕೆಳಗಿಂದು ನಾನು ಹಿಡ್ಕೋತೀನಿ, ಟ್ರೈ ಮಾಡೋಣ,” ಎಂದರು. ಕಿವಿಗೆ ಬೆರಳಿಟ್ಟುಕೊಂಡು, ಗೋಡೆಯ ಕಡೆ ತಿರುಗಿ ನಿಂತು, ಇಡೀ ಪಲ್ಲವಿಯನ್ನು ಕೆಳಗಿನ ಸ್ವರದಲ್ಲೇ ಅಲುಗದೆ ಹಾಡಿಬಿಟ್ಟರು. ಉಪ್ಪಿಟ್ಟು ಬಡಿಸುತ್ತಿದ್ದ ಅವರ ಹೆಂಡತಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

“ರೀ, ಅದು ನೀವಾ?” ಎಂದರು.